ಏಳನೇ ರೂಮಿನ ನೀರು

ಪರೀಕ್ಷೆ ಅಂದರೆ ಚೌಡಮ್ಮನಿಗೆ ಮೊದಲು ನೆನಪಾಗುತ್ತಿದ್ದುದು ಬಕೆಟ್ಟು. ಗೋವಿಂದರಾಜನಗರದ ಒಂದು ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷದಿಂದ ಅಟೆಂಡರ್ ಅವಳು. ಅಟೆಂಡರ್ ಅನ್ನುವುದು ಕಾಗದದ ಮೇಲಿನ ಮಾತು. ಬೆಳಿಗ್ಗೆ ಆರೂವರೆಗೆ ಬಂದು ಕಕ್ಕಸು ತೊಳೆಯಬೇಕು. ಹದಿನಾಲ್ಕು ಕೋಣೆ ಗುಡಿಸಬೇಕು. ಬೆಂಚು ಒರೆಸಬೇಕು. ಪರೀಕ್ಷೆ ಬಂತೆಂದರೆ ಬೆಂಚಿನ ಮೇಲೆ ನಂಬರ್ ಅಂಟಿಸಬೇಕು, ಗಂಟೆ ಹೊಡೆಯಬೇಕು, ಉತ್ತರ ಪತ್ರಿಕೆ ಕಟ್ಟುವ ದಾರ ಕತ್ತರಿಸಿ ಕೊಡಬೇಕು, ನೀರು ಅಂದವರಿಗೆ ಬಕೆಟ್ಟು ಹಿಡಿದು ಹೋಗಿ ಲೋಟದಲ್ಲಿ ನೀರು ಕೊಡಬೇಕು. ಮಕ್ಕಳು ಬರೆಯುತ್ತಲೇ ಕೈ ಚಾಚುತ್ತಿದ್ದರು, ಕುಡಿದು ಲೋಟ ವಾಪಸ್ ಕೊಡುತ್ತಿದ್ದರು. ಕೊಟ್ಟವಳು ಯಾರು ಅಂತ ಯಾವ ಮಗುವೂ ಕತ್ತೆತ್ತಿ ನೋಡಲಿಲ್ಲ. ಸ್ಟಾಫ್ ರೂಮಿನ ಕಥೆ ಬೇರೆ. ಅಲ್ಲಿಯ ನೀರಿನ ಕ್ಯಾನು ಮುಟ್ಟುವುದು ಸುಬ್ರಮಣಿ ಒಬ್ಬನೇ. ಅವನೂ ಅಟೆಂಡರೇ, ಅವಳು ಸೇರಿ ಏಳು ವರ್ಷ ಆದ ಮೇಲೆ ಸೇರಿದವನು. ಚೌಡಮ್ಮ ಮುಟ್ಟಬಾರದು ಅಂತ ಯಾರೂ ಬಾಯಿ ಬಿಟ್ಟು ಹೇಳಿಲ್ಲ. ಹೇಳುವ ಅಗತ್ಯ ಬಿದ್ದಿಲ್ಲ, ಅಷ್ಟೇ.

ಆ ಕೆಲಸ ಮೊದಲು ಅವಳ ಅವ್ವನದು. ಅವ್ವ ಇಪ್ಪತ್ತಾರು ವರ್ಷ ಅದೇ ಕಾಲೇಜಿನ ಚರಂಡಿ ಬಳಿದಳು. ಉಬ್ಬಸ ಹಿಡಿದು ಮೂಲೆ ಸೇರಿದಾಗ ಮ್ಯಾನೇಜ್‌ಮೆಂಟಿನವರು ದೊಡ್ಡ ಮನಸ್ಸು ಮಾಡಿದರು. ಮಗಳನ್ನು ಕಳಿಸು ಅಂದರು. ಮೇಷ್ಟರ ಮಗನನ್ನು ಮೇಷ್ಟ್ರು ಕೆಲಸಕ್ಕೆ ಹೀಗೆ ಯಾರೂ ಕರೆದು ಕೂರಿಸುವುದಿಲ್ಲ ನೋಡಿ. ಪೊರಕೆ ಮಾತ್ರ ಮನೆತನದ ಆಸ್ತಿ.

ಮಗಳು ಶಾಲೆ ಬಿಟ್ಟದ್ದು ಒಂಬತ್ತನೇ ಕ್ಲಾಸಿನಲ್ಲಿ. ಬೆಳಿಗ್ಗೆ ಅವ್ವನ ಜೊತೆ ಚರಂಡಿ ಬಳಿದು ಶಾಲೆಗೆ ಓಡುತ್ತಿದ್ದಳು. ವಾಸನೆ ಅಂತ ಪಕ್ಕದವರು ದೂರು ಹೇಳಿದರು. ಕೊನೇ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದರು. ಒಂದು ದಿನ ಹೋಗಲಿಲ್ಲ. ಮಾರನೇ ದಿನವೂ ಹೋಗಲಿಲ್ಲ. ಯಾಕೆ ಅಂತ ಕೇಳಲು ಯಾರೂ ಬರಲಿಲ್ಲ.

ಓದಬೇಕು ಅನ್ನುವ ಹುಚ್ಚು ಮತ್ತೆ ಹತ್ತಿದ್ದು ಮೂವತ್ತೊಂದಕ್ಕೆ, ಗಂಡ ಇನ್ನೊಂದು ಸಂಸಾರ ಮಾಡಿಕೊಂಡು ಹೋದ ಮೇಲೆ. ಎಸ್ಸೆಸ್ಸೆಲ್ಸಿ ಪ್ರೈವೇಟಾಗಿ ಕಟ್ಟಿದಳು. ಗಣಿತ ಮೂರು ಸಲ ಕೈ ಕೊಟ್ಟಿತು. ನಾಲ್ಕನೇ ಸಲ ಪಾಸಾದಳು. ಆಮೇಲೆ ಪಿಯುಸಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓದುವುದು, ಐದೂವರೆಗೆ ಬಸ್ಸು ಹಿಡಿಯುವುದು. ಅವಳ ಮನೆ ಉಲ್ಲಾಳದ ಹಳೇ ಕಾಲೊನಿಯಲ್ಲಿ. ಅಲ್ಲಿಂದ ಯೂನಿವರ್ಸಿಟಿ ಕೂಗಳತೆ ದೂರ. ಆ ಹೊತ್ತಿನ ಬಸ್ಸಿನಲ್ಲೂ ಅವಳ ಪಕ್ಕ ಆಟದ ಪ್ರಾಕ್ಟೀಸಿಗೆ ಹೊರಟ, ಬ್ಯಾಗು ಹಾಕಿಕೊಂಡ ಹುಡುಗ ಹುಡುಗಿಯರು ನಿಂತಿರುತ್ತಿದ್ದರು. ಅವರು ಯೂನಿವರ್ಸಿಟಿ ಹತ್ತಿರ ಇಳಿದು ಒಳಗೆ ಹೋಗುವರು. ಇವಳು ಮುಂದೆ ಹೋಗಿ ಇಳಿದು ಪೊರಕೆ ಹಿಡಿಯುವಳು. ಯೂನಿವರ್ಸಿಟಿಗೆ ಹೋಗಿ ಏನು ಮಾಡ್ತೀಯಾ ಅಂತ ಸುಬ್ರಮಣಿ ಒಮ್ಮೆ ನಗಾಡಿದಾಗ ಅವಳು ಹೇಳಿದ್ದು ಇಷ್ಟೇ: "ಬೆಂಚು ಒರೆಸ್ದೇ ಅದ್ರ ಮೇಲೆ ಕೂತ್ಕೋಬೇಕು ಕಣಪ್ಪ, ಒಂದ್ಸಲ."

ಅವನ ನಗು ನಿಂತಿತು.

ಈ ಓದಿಗೆ ಸಹಾಯ ಮಾಡಿದವರು ಎಕನಾಮಿಕ್ಸ್ ಮೇಡಂ ಅಂಬುಜಾ. ಅದನ್ನು ಮುಚ್ಚಿಡಬಾರದು. ಹಳೇ ಗೈಡು ಕೊಟ್ಟರು, ಅರ್ಜಿ ತುಂಬಿಸಿದರು, ಮಧ್ಯಾಹ್ನ ಪುರುಸೊತ್ತಿದ್ದಾಗ ಬೇಡಿಕೆ ಪೂರೈಕೆಯ ಗೆರೆ ಎಳೆದು ತೋರಿಸಿದರು. ಅವಳು ನೆಲದಲ್ಲಿ ಕೂತಿರುತ್ತಿದ್ದಳು, ಮೇಡಂ ಕುರ್ಚಿಯಲ್ಲಿ. ಮೇಲೆ ಕೂತ್ಕೋ ಅಂತ ಅವರೂ ಹೇಳಲಿಲ್ಲ, ಇವಳಿಗೂ ಹೊಳೆಯಲಿಲ್ಲ. ಹಾಲ್ ಟಿಕೆಟ್ಟಿನಲ್ಲಿ ಅವಳ ಹೆಸರು ಚೌಡಮ್ಮ ಅಂತ ಪೂರ್ತಿ ಅಚ್ಚಾಗಿತ್ತು. ಕಾಲೇಜಿನಲ್ಲಿ ಎಲ್ಲರಿಗೂ ಅವಳು ಚೌಡಿ. ಮೇಡಮ್ಮಿಗೂ ಚೌಡಿಯೇ.

ಪರೀಕ್ಷೆಯ ಸೆಂಟರ್ ವಿಜಯನಗರದ ಬೇರೊಂದು ಕಾಲೇಜಿಗೆ ಬಿತ್ತು. ಐದು ಪೇಪರ್ ಮುಗಿದವು. ಇಂಗ್ಲಿಷೂ ದಡ ಮುಟ್ಟಿದ ಹಾಗೇ ಅನ್ನಿಸಿತ್ತು. ಪರೀಕ್ಷೆಯ ದಿನಗಳಿಗೆ ಸಂಬಳ ಇಲ್ಲದ ರಜೆ, ಅದೂ ಮಧ್ಯಾಹ್ನದವರೆಗೆ. ಒಂದು ಗಂಟೆಗೆ ಬರೆದು ಮುಗಿಸಿ ಎರಡಕ್ಕೆ ಗೋವಿಂದರಾಜನಗರಕ್ಕೆ ಬಂದು ಕಕ್ಕಸು ತೊಳೆಯುತ್ತಿದ್ದಳು. ಕೊನೆಯ ಪೇಪರ್ ಇತಿಹಾಸ. ಅವಳಿಗೆ ಅತಿ ಇಷ್ಟವಾದದ್ದು. ಆ ಒಂದು ದಿನ ಮಧ್ಯಾಹ್ನವೂ ಬರಲ್ಲ ಅಂತ ಹೇಳಿ ಪೂರ್ತಿ ರಜೆ ತೆಗೆದುಕೊಂಡಿದ್ದಳು. ಬರೆದಾದ ಮೇಲೆ ಯೂನಿವರ್ಸಿಟಿ ಒಳಗೆ ಹೋಗಿ, ಅರ್ಜಿ ಯಾವಾಗ ಕೊಡ್ತೀರಾ ಅಂತ ಕೇಳಿಕೊಂಡು ಬರುವ ಆಸೆ.

ಆವತ್ತು ಏಳನೇ ರೂಮಿಗೆ ಮೇಲ್ವಿಚಾರಕಿಯಾಗಿ ಬಂದವರು ಅಂಬುಜಾ ಮೇಡಂ. ಬೇರೆ ಬೇರೆ ಕಾಲೇಜಿನ ಲೆಕ್ಚರರ್‌ಗಳನ್ನು ಸೆಂಟರಿಗೆ ಹಾಕಿ, ಬೆಳಿಗ್ಗೆ ಚೀಟಿ ಎತ್ತಿಸಿ ರೂಮು ಹಂಚುತ್ತಾರೆ. ಮೇಡಂ ಕೈಗೆ ಏಳು ಬಂದಿತ್ತು. ಅವರನ್ನು ಕಂಡು ಚೌಡಮ್ಮನಿಗೆ ಜೀವ ಬಂತು. ನಮ್ಮವರು ಅನ್ನಿಸಿತು. ಮೇಡಂ ಸಣ್ಣಗೆ ನಕ್ಕರು.

ಹತ್ತು ಗಂಟೆಗೆ ಬೆಲ್ಲಾಯಿತು. ಬೆಲ್ಲು ಕೇಳಿದ ಕೂಡಲೇ ಅವಳ ಬಲಗೈ ಒಮ್ಮೆ ಅಲುಗಿತು. ಹತ್ತೊಂಬತ್ತು ವರ್ಷ ಗಂಟೆ ಹೊಡೆದ ಕೈ ಅಲ್ಲವೇ. ಅವಳೇ ಒಳಗೊಳಗೆ ನಕ್ಕು ಪೆನ್ನು ತೆಗೆದಳು.

ಪ್ರಶ್ನೆ ಪತ್ರಿಕೆ ಓದಿದಳು. ಹತ್ತು ಅಂಕದ ಪ್ರಶ್ನೆ: ಹರಪ್ಪಾ ನಗರ ಯೋಜನೆಯನ್ನು ವಿವರಿಸಿ. ಕಣ್ಣು ಮುಚ್ಚಿದರೆ ಬೀದಿ ಬೀದಿ ಕಾಣಿಸುತ್ತಿತ್ತು, ಅಷ್ಟು ಓದಿದ್ದಳು. ಅದನ್ನು ಕೊನೆಗೆ, ಆರಾಮಾಗಿ ಬರೆಯೋಣ ಅಂತ ಇಟ್ಟುಕೊಂಡಳು. ಒಂದಂಕದ್ದು, ಎರಡಂಕದ್ದು ಮುಗಿಸಿದಳು. ಐದಂಕದ್ದಕ್ಕೆ ಕೈ ಹಾಕಿದಳು. ಅಕ್ಷರ ದಪ್ಪ, ವೇಗ ಕಡಿಮೆ. ಆದರೂ ಹೋಗುತ್ತಿತ್ತು. ಐದು ಪುಟ ತುಂಬಿತು.

ಹನ್ನೊಂದೂಕಾಲಿನ ಹೊತ್ತು. ಕಿಟಕಿ ಪಕ್ಕದ ಸಾಲಿನಲ್ಲಿ ಒಂದು ಹುಡುಗಿಗೆ ಕೆಮ್ಮು ಹತ್ತಿತು. ಬಿಡದ ಕೆಮ್ಮು. ಕಣ್ಣಲ್ಲಿ ನೀರು ಬಂದು ಮುಖ ಕೆಂಪಾಯಿತು. ನೀರು ಮೇಡಂ ಅಂದಳು. ಕ್ಯಾನು, ಸ್ಟೀಲ್ ಲೋಟ ಎರಡೂ ಬಾಗಿಲ ಬಳಿಯ ಸ್ಟೂಲಿನ ಮೇಲಿದ್ದವು. ಆ ಸೆಂಟರಿನ ಅಟೆಂಡರ್ ಎಲ್ಲೋ ಹೋಗಿದ್ದ. ಅಂಬುಜಾ ಮೇಡಂ ಹಾಜರಿ ಹಾಳೆಯಲ್ಲಿ ನಂಬರ್ ತುಂಬುತ್ತಿದ್ದರು. ತಲೆ ಎತ್ತಲಿಲ್ಲ.

"ಚೌಡಿ, ಆ ಮಗೂಗೆ ನೀರು ಕೊಡೇ."

ಚೌಡಮ್ಮ ಎದ್ದಳು.

ಯೋಚನೆ ಮಾಡಿ ಎದ್ದದ್ದಲ್ಲ. ಪೆನ್ನು ಕೈಯಲ್ಲೇ ಇತ್ತು. ಹತ್ತೊಂಬತ್ತು ವರ್ಷದ ಕಾಲು ತಾನಾಗಿ ಎದ್ದಿತು. ಲೋಟ ತೊಳೆದಳು, ನೀರು ಹಿಡಿದಳು, ಸಾಲುಗಳ ನಡುವೆ ನಡೆದು ಹೋಗಿ ಹುಡುಗಿಯ ಕೈಗೆ ಕೊಟ್ಟಳು. ಹುಡುಗಿ ಕುಡಿಯುವವರೆಗೆ ಪಕ್ಕದಲ್ಲಿ ನಿಂತಳು. ಬೆನ್ನು ನೀವಿದಳು ಬೇರೆ. ಲೋಟ ತಂದು ಮತ್ತೆ ಕ್ಯಾನಿನ ಮೇಲೆ ಬೋರಲು ಹಾಕಿ ತನ್ನ ಜಾಗಕ್ಕೆ ಬಂದು ಕೂತಳು. ಮೇಡಂ ನಂಬರ್ ತುಂಬುತ್ತಲೇ ಇದ್ದರು. ಇಬ್ಬರಿಗೂ ಏನೂ ಅನ್ನಿಸಲಿಲ್ಲ. ಅದೇ ನೋಡಿ ಈ ಕಥೆಯಲ್ಲಿ ಹೊಟ್ಟೆ ಉರಿಯುವ ಸಂಗತಿ.

ಗೋಡೆಯ ಮೂಲೆಯಲ್ಲಿ ಕ್ಯಾಮೆರಾ ಇತ್ತು. ಈಗ ಎಲ್ಲ ಸೆಂಟರಿನಲ್ಲೂ ಇರುತ್ತದೆ. ಎಲ್ಲೋ ಒಂದು ಆಫೀಸಿನಲ್ಲಿ ಕೂತು ಯಾರೋ ನೋಡುತ್ತಿರುತ್ತಾರೆ. ನೋಡುವುದಷ್ಟೇ, ಮಾತು ಕೇಳಿಸುವುದಿಲ್ಲ. ಅವರಿಗೆ ಕಂಡದ್ದು ಇಷ್ಟು: ಬರೆಯುತ್ತಿದ್ದವಳೊಬ್ಬಳು ಎದ್ದಳು, ಇನ್ನೊಬ್ಬಳ ಹತ್ತಿರ ಹೋಗಿ ಕೈಗೆ ಏನೋ ಕೊಟ್ಟಳು, ನಿಂತಳು, ಬಂದಳು. ಐದು ನಿಮಿಷದಲ್ಲಿ ಸೆಂಟರಿಗೆ ಫೋನು ಬಂತು.

ಸೆಂಟರಿನ ಮುಖ್ಯಸ್ಥರು ಗುರುಬಸಪ್ಪ ಅಂತ. ಚೀಫ್ ಅನ್ನುತ್ತಿದ್ದರು ಎಲ್ಲ. ಅವರು ಬೆವರು ಒರೆಸಿಕೊಳ್ಳುತ್ತಾ ರೂಮಿಗೆ ಬಂದು ಚೌಡಮ್ಮನ ಉತ್ತರ ಪತ್ರಿಕೆ ಎತ್ತಿಕೊಂಡರು. ಆಫೀಸಿಗೆ ಬಾ ಅಂದರು. ರೂಮಿಗೆ ಬೇರೊಬ್ಬರನ್ನು ನಿಲ್ಲಿಸಿ ಅಂಬುಜಾ ಮೇಡಮ್ಮನ್ನೂ ಕರೆದರು. ಇಪ್ಪತ್ತು ಮಕ್ಕಳು ಕತ್ತೆತ್ತಿ ನೋಡಿದರು. ನೀರು ಕುಡಿದ ಹುಡುಗಿ ಮಾತ್ರ ತಲೆ ತಗ್ಗಿಸಿ ಬರೆಯುತ್ತಿದ್ದಳು. ಅವಳನ್ನಾಗಲಿ ಮಿಕ್ಕ ಮಕ್ಕಳನ್ನಾಗಲಿ ಯಾರೂ ಏನೂ ಕೇಳಲಿಲ್ಲ.

ಆಫೀಸಿನಲ್ಲಿ ಚೀಫ್ ಕೂತರು. ಮೇಡಮ್ಮಿಗೆ ಕುರ್ಚಿ ತೋರಿಸಿದರು. ಚೌಡಮ್ಮ ನಿಂತಳು. ಏನು ಕೊಟ್ಟೆ ಅಂತ ಕೇಳಿದರು. ನೀರು ಅಂದಳು. ಯಾಕೆ ಎದ್ದೆ ಅಂದರು. ಚೌಡಮ್ಮ ಮೇಡಮ್ಮಿನ ಕಡೆ ತಿರುಗಿದಳು. ಅವರೇ ಹೇಳ್ತಾರೆ ಅನ್ನುವ ಧೈರ್ಯ ಅವಳಿಗೆ. ನಾನೇ ಹೇಳಿದ್ದು ಸಾರ್, ಅಭ್ಯಾಸ ಬಲ, ಬಾಯಿತಪ್ಪಿ ಬಂತು ಅಂತ ಒಂದು ಮಾತು. ಅಷ್ಟಕ್ಕೆ ಎಲ್ಲ ಮುಗಿಯುತ್ತಿತ್ತೋ ಇಲ್ಲವೋ, ಅವಳಿಗೆ ಅಷ್ಟು ಸಾಕಿತ್ತು.

ಅಂಬುಜಾ ಮೇಡಂ ಬಳೆ ತಿರುಗಿಸುತ್ತಾ ಕೂತಿದ್ದರು. ಪರೀಕ್ಷೆಯ ರೂಮಿನಲ್ಲಿ ಅಭ್ಯರ್ಥಿಯನ್ನು ಎಬ್ಬಿಸಿದರೆ ಸಸ್ಪೆಂಡ್ ಆಗುತ್ತದೆ ಅಂತ ಅವರಿಗೆ ಗೊತ್ತು. ಪಿಂಚಣಿಗೆ ಇನ್ನು ಎರಡು ವರ್ಷ.

"ನಾನು ಹೇಳ್ಲಿಲ್ಲ ಸಾರ್. ಇವಳು ನಮ್ಮ ಕಾಲೇಜಲ್ಲೂ ಹೀಗೇನೇ. ಬುದ್ಧಿ ಸ್ವಲ್ಪ ಕಡಿಮೆ."

ಪಾಠ ಹೇಳಿಕೊಟ್ಟ ಬಾಯಿ ಅದು. ಜಾಣೆ ಕಣೇ ನೀನು ಅಂದ ಬಾಯಿ.

ಚೀಫ್ ಕೆಟ್ಟವರೇನಲ್ಲ. ಅವರಿಗೆ ಬೇಕಾದ್ದು ತಲೆನೋವು ತಪ್ಪುವುದು. ಮೇಲ್ವಿಚಾರಕಿ ಹೇಳಿದ್ದು ಅಂತ ಬರೆದರೆ ವಿಚಾರಣೆ, ಸೆಂಟರಿಗೆ ಕೆಟ್ಟ ಹೆಸರು, ಅವರ ಕುತ್ತಿಗೆಗೂ ಬರುತ್ತದೆ. ಅಭ್ಯರ್ಥಿ ತಾನಾಗಿ ಎದ್ದಳು ಅಂತ ಬರೆದರೆ ಒಂದು ಎಚ್ಚರಿಕೆ, ಒಂದು ಕ್ಷಮಾಪಣೆ, ಮುಗಿಯಿತು. ಅವರು ಒಂದು ಹಾಳೆಯಲ್ಲಿ ಬರೆದರು. ಬರೆದದ್ದನ್ನು ಓದಿ ಹೇಳಿದರು: ಪರೀಕ್ಷೆಯ ನಿಯಮದ ತಿಳಿವಳಿಕೆ ಇಲ್ಲದೆ, ಯಾರೂ ಹೇಳದೆ, ನನ್ನ ಇಷ್ಟದಿಂದ ನಾನೇ ಸ್ಥಳ ಬಿಟ್ಟು ಎದ್ದಿರುತ್ತೇನೆ, ಕ್ಷಮಿಸಬೇಕು. ಒಪ್ಪಿಕೊಂಡರೆ ಉತ್ತರ ಪತ್ರಿಕೆ ವಾಪಸ್. ಹೋಗಿ ಬರೆದುಕೋ. ಇನ್ನೂ ಒಂದು ಗಂಟೆ ಇದೆ. ಇಲ್ಲದಿದ್ದರೆ ಮಾಲ್‌ಪ್ರಾಕ್ಟೀಸ್ ಅಂತ ಕೇಸು ಹೋಗುತ್ತದೆ. ಈ ಪೇಪರ್ ರದ್ದು, ಮಿಕ್ಕಿದ್ದನ್ನೂ ತಡೆ ಹಿಡಿಯುತ್ತಾರೆ, ಈ ವರ್ಷ ಎಲ್ಲೂ ಸೇರಿಕೊಳ್ಳಕ್ಕಾಗಲ್ಲ.

ಸಣ್ಣ ಸುಳ್ಳು. ಎರಡು ಸಾಲು. ಚೌಡಮ್ಮ ಇದಕ್ಕಿಂತ ದೊಡ್ಡವನ್ನು ನುಂಗಿದ್ದಾಳೆ. ಕಕ್ಕಸಿನಲ್ಲಿ ಸಿಕ್ಕ ಸಿಗರೇಟಿಗೂ, ಕಳೆದುಹೋದ ಫ್ಯಾನಿಗೂ ನಾನೇ ಅಂತ ತಲೆ ಕೊಟ್ಟಿದ್ದಾಳೆ. ಇದನ್ನೂ ನುಂಗೋಣ ಅಂತಲೇ ಅವಳು ಮೇಜಿನ ಹತ್ತಿರ ಬಂದಳು. ಹತ್ತು ಅಂಕದ ಪ್ರಶ್ನೆ ಕಾಯುತ್ತಿದೆ. ಸೈನ್ ಮಾಡಿ ಓಡಿಹೋಗಿ ಬರೆದುಬಿಟ್ಟರೆ ಆಯಿತು. ಪೆನ್ನಿನ ಕ್ಯಾಪು ತೆಗೆದಳು.

ಚೀಫ್ ಅಷ್ಟರಲ್ಲಿ ಬಂದ ಫೋನಿಗೆ ಹಾ ಸಾರ್, ಆಯ್ತು ಸಾರ್ ಅನ್ನುತ್ತಾ ಡ್ರಾಯರು ಎಳೆದರು. ಸ್ಟಾಂಪ್ ಪ್ಯಾಡು ತೆಗೆದು, ಮುಚ್ಚಳ ಬಿಚ್ಚಿ, ಹಾಳೆಯ ಪಕ್ಕದಲ್ಲಿಟ್ಟು ಅವಳ ಕಡೆ ತಳ್ಳಿದರು. ಮುಖ ನೋಡದೆ, ಹೆಬ್ಬೆರಳು ಒತ್ತುವ ಸನ್ನೆ ಮಾಡಿ ತೋರಿಸಿದರು.

ಚೌಡಮ್ಮ ಆ ಪ್ಯಾಡನ್ನು ನೋಡಿದಳು. ನೀಲಿ ಶಾಯಿ. ಪಿಯುಸಿ ಇತಿಹಾಸದ ಪರೀಕ್ಷೆ ಅರ್ಧ ಬರೆದು ಬಂದವಳು ಅವಳು. ಅವಳ ಐದು ಪುಟ ಅದೇ ಮೇಜಿನ ಮೇಲೆ, ಅವರ ಮೊಣಕೈ ಕೆಳಗಿತ್ತು.

ಆಗ ಅವಳಿಗೆ ಹಾಳೆಯ ಮಾತು ಒಂದೊಂದೇ ಕೇಳಿಸಿತು. ತಿಳಿವಳಿಕೆ ಇಲ್ಲದೆ. ನನ್ನ ಇಷ್ಟದಿಂದ. ಹುಟ್ಟಿದಾಗಿನಿಂದ ಅವಳು ಒಂದು ದಿನವಾದರೂ ತನ್ನ ಇಷ್ಟದಿಂದ ಎದ್ದಿದ್ದಾಳೆಯೇ? ಗುಡಿಸು ಅಂದಾಗ ಎದ್ದಳು. ತೊಳಿ ಅಂದಾಗ ಎದ್ದಳು. ಊಟದ ನಡುವೆ, ಜ್ವರದ ನಡುವೆ, ಮುಟ್ಟಿನ ನೋವಿನ ನಡುವೆ ಎದ್ದಳು. ಎಬ್ಬಿಸಿದವರೇ ಈಗ, ನೀನೇ ಎದ್ದೆ ಅಂತ ಬರೆದುಕೊಡು ಅನ್ನುತ್ತಿದ್ದಾರೆ. ಅದಕ್ಕೂ ಹೆಬ್ಬೆಟ್ಟು.

ಪ್ಯಾಡಿನ ಮುಚ್ಚಳ ಹಾಕಿದಳು. ಹಾಳೆ ಎತ್ತಿಕೊಂಡು ಹಿಂಬದಿ ತಿರುಗಿಸಿದಳು. ಕೂತುಕೋ ಅಂತ ಯಾರೂ ಹೇಳಿರಲಿಲ್ಲ. ಮೇಡಂ ಪಕ್ಕದಲ್ಲಿ ಖಾಲಿ ಇದ್ದ ಕುರ್ಚಿ ಎಳೆದು ಕೂತಳು. ಬರೆದಳು. ಅದೇ ದಪ್ಪ ಅಕ್ಷರ.

"ಅಂಬುಜಾ ಮೇಡಂ ನೀರು ಕೊಡು ಎಂದರು. ನಾನು ಕೊಟ್ಟೆನು. ಹತ್ತೊಂಬತ್ತು ವರ್ಷದಿಂದ ಹೇಳಿದ್ದನ್ನು ಮಾಡಿದ್ದೇನೆ. ನನಗೆ ತಿಳಿವಳಿಕೆ ಇದೆ. ನನಗೆ ಬರೆಯಲು ಬರುತ್ತದೆ."

ಕೆಳಗೆ ಪೂರ್ತಿ ಹೆಸರು ಬರೆದು ರಿಜಿಸ್ಟರ್ ನಂಬರ್ ಹಾಕಿದಳು.

ಚೀಫ್ ಓದಿದರು. ಇದನ್ನು ಕಳಿಸಿದರೆ ನಿನಗೇ ಕಷ್ಟ ಕಣಮ್ಮ ಅಂದರು. ಇದು ಹೇಳಿಕೆ ಆಗಲ್ಲ, ನಾನು ನಿರಾಕರಿಸಿದಳು ಅಂತ ಬರೀಬೇಕಾಗತ್ತೆ, ಇನ್ನೊಂದ್ಸಲ ಯೋಚನೆ ಮಾಡು ಅಂತ ಎರಡು ಸಲ ಹೇಳಿದರು. ಅಂಬುಜಾ ಮೇಡಂ ಅವಳ ತೋಳು ಹಿಡಿದುಕೊಂಡರು. ಹತ್ತೊಂಬತ್ತು ವರ್ಷದಲ್ಲಿ ಅವರು ಅವಳನ್ನು ಮುಟ್ಟಿದ್ದು ಅದೇ ಮೊದಲು. ಅವರ ಕಣ್ಣಲ್ಲಿ ನೀರಿತ್ತು. ಹಠ ಮಾಡಬೇಡ್ವೇ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು, ಒಂದು ಸೈನ್ ಮಾಡಿ ಹೋಗಿ ಬರಿ ಅಂದರು.

"ಬಿಡಿ ಮೇಡಂ," ಅಂದಳು ಚೌಡಮ್ಮ. "ನಿಮ್ ಕೈಲಿ ನಿಜ ಹೇಳಕ್ಕಾಗ್ಲಿಲ್ಲ. ನನ್ ಕೈಲಿ ಸೈನ್ ಮಾಡಕ್ಕಾಗಲ್ಲ."

ಹಾಲ್ ಟಿಕೆಟ್ಟು ತೆಗೆದಿಟ್ಟುಕೊಂಡರು. ಉತ್ತರ ಪತ್ರಿಕೆಗೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಲಕೋಟೆಗೆ ಹಾಕಿದರು. ಅಂಟು ಹಚ್ಚುವುದನ್ನು ಅವಳು ನಿಂತು ನೋಡಿದಳು. ಈ ಲಕೋಟೆಗಳನ್ನು ಅವಳು ಎಷ್ಟು ಸಲ ತಂದುಕೊಟ್ಟಿದ್ದಾಳೋ. ಒಳಗೆ ಯಾರ ವರ್ಷ ಇದೆ ಅಂತ ಒಂದು ಸಲವೂ ಯೋಚಿಸಿರಲಿಲ್ಲ.

ಗೇಟಿನ ಹೊರಗೆ ಬಂದಾಗ ಹನ್ನೆರಡು ದಾಟಿತ್ತು. ಅವಳ ವಾರಗೆಯವರು ಒಳಗೆ ಇನ್ನೂ ಬರೆಯುತ್ತಿದ್ದರು. ವಾರಗೆ ಅಂದರೆ ಹದಿನೆಂಟರ ಮಕ್ಕಳು, ಆದರೂ ಅವರೇ ಅವಳ ವಾರಗೆ. ಮಾರ್ಚಿ ಬಿಸಿಲು. ಬಸ್ಸು ಬಂತು, ಹತ್ತಿದಳು. ಯೂನಿವರ್ಸಿಟಿ ಸ್ಟಾಪಿನಲ್ಲಿ ಇಳಿಯಲಿಲ್ಲ. ಟಿಕೆಟ್ಟು ಉಲ್ಲಾಳಕ್ಕೇ ತೆಗೆದುಕೊಂಡಿದ್ದಳು. ಸಿಟ್ಟು ಇತ್ತು, ಆದರೆ ಸಿಟ್ಟಿಗಿಂತ ಹೆಚ್ಚಾಗಿ ಎದೆಯಲ್ಲಿ ಏನೋ ಖಾಲಿ ಖಾಲಿ. ಏಳು ವರ್ಷದ ಓದು. ಬೆಳಗಿನ ಜಾವದ ನಿದ್ದೆ ಎಲ್ಲ. ಸರಿ ಮಾಡಿದೆ ಅಂತ ಒಂದು ಕ್ಷಣ ಅನ್ನಿಸುವುದು, ಮರುಕ್ಷಣ ನನ್ನ ಕೊಬ್ಬಿಗಿಷ್ಟು ಬೆಂಕಿ ಹಾಕ ಅಂತ ತನ್ನನ್ನೇ ಬೈದುಕೊಳ್ಳುವುದು.

ಅವ್ವ ಬಾಗಿಲಲ್ಲಿ ಕೂತು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು. ಅಂಗಡಿಯವರು ಮೂಟೆ ತಂದು ಹಾಕಿ, ಬಿಡಿಸಿದ್ದನ್ನು ತೂಕ ಮಾಡಿ ಒಯ್ಯುತ್ತಾರೆ. ಉಬ್ಬಸದ ಮುದುಕಿಗೆ ಕೂತಲ್ಲೇ ಆಗುವ ಕೆಲಸ. ಇಷ್ಟು ಬೇಗ ಬಂದ ಮಗಳನ್ನು ನೋಡಿ ಕಲ್ಲು ಕೆಳಗಿಟ್ಟಳು. ಚೌಡಮ್ಮ ಪಕ್ಕದಲ್ಲಿ ಕುಸಿದು ಕೂತು ನಡೆದದ್ದೆಲ್ಲ ಹೇಳಿದಳು. ನೀರು, ಫೋನು, ಮೇಡಂ, ಪ್ಯಾಡು, ಹಾಳೆ.

ಅವ್ವ ಹೊಗಳುತ್ತಾಳೆ ಅಂದುಕೊಂಡಿದ್ದಳೋ ಏನೋ. ಅವ್ವ ಬೈದಳು. ಕೆಮ್ಮಿಕೊಂಡು ಕೆಮ್ಮಿಕೊಂಡು ಬೈದಳು. ಇಪ್ಪತ್ತಾರು ವರ್ಷ ಎಲ್ಲದಕ್ಕೂ ಹೆಬ್ಬೆಟ್ಟು ಒತ್ತಿ ನಿನ್ನ ಸಾಕಿದ್ದೀನಿ, ನನ್ನ ಬೆರಳು ಸವೆದು ಹೋಯ್ತಾ ಅಂದಳು. ಒಂದು ಸಲ ಒತ್ತಿದ್ರೆ ನಿಂದೇನು ಗಂಟು ಹೋಗ್ತಿತ್ತು, ಒತ್ತಿ ಒಳಗೆ ಹೋಗಿ ಬರೆದು ದೊಡ್ಡೋಳಾಗಿ ಆಮೇಲೆ ಬಂದು ಅವರ ಮುಖಕ್ಕೆ ಉಗಿಯೋದಲ್ವಾ ಅಂದಳು. ಅವ್ವ ಹೇಳಿದ್ದರಲ್ಲೂ ನ್ಯಾಯ ಇತ್ತು. ಅವಳು ಮಂಡಿಗೆ ಮುಖ ಕೊಟ್ಟು ಅತ್ತಳು. ಅಲ್ಲಿಯವರೆಗೆ ಹನಿ ಬಿದ್ದಿರಲಿಲ್ಲ, ಈಗ ಬಿಕ್ಕಿ ಬಿಕ್ಕಿ ಅತ್ತಳು. ಹುಣಸೆಯ ಹುಳಿ ಮೆತ್ತಿದ ಕೈಯಲ್ಲಿ ಅವ್ವ ತಲೆ ಸವರಿದಳು.

"ಗೊತ್ತಿತ್ತು ಕಣವ್ವ," ಅಂದಳು ಚೌಡಮ್ಮ, ಮುಖ ಎತ್ತದೆ. "ಹತ್ತು ಮಾರ್ಕ್ಸಿಂದು. ಪೂರ್ತಿ ಗೊತ್ತಿತ್ತು. ಕೊನೇಗೆ ಬರೆಯೋಣ ಅಂತ ಇಟ್ಕೊಂಡಿದ್ದೆ."

ಅವ್ವ ಮತ್ತೆ ಕಲ್ಲು ಕೈಗೆತ್ತಿಕೊಂಡಳು. ಬೀದಿಯಲ್ಲಿ ಒಂದು ನೀರಿನ ಟ್ಯಾಂಕರು ಹೋಯಿತು.

"ನಂಗೇಳು ಮತ್ತೆ."

ಚೌಡಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಬೇಡ ಅಂದಳು. ಅವ್ವ ಮತ್ತೆ ಹೇಳು ಅಂದಳು. ಆಮೇಲೆ ಶುರು ಮಾಡಿದಳು. ಹರಪ್ಪಾ ಅಂತ ಒಂದು ಊರಿತ್ತವ್ವ, ನಾಲ್ಕೂವರೆ ಸಾವಿರ ವರ್ಷದ ಹಿಂದೆ. ಬೀದಿ ಎಲ್ಲ ನೆಟ್ಟಗೆ, ಒಂದಕ್ಕೊಂದು ಅಡ್ಡ ಹಾಯೋ ಹಾಗೆ. ಸುಟ್ಟ ಇಟ್ಟಿಗೆ ಮನೆಗಳು, ಎಲ್ಲ ಇಟ್ಟಿಗೇನೂ ಒಂದೇ ಅಳತೆ. ಎಷ್ಟೋ ಮನೆಗಳಿಗೆ ಬಾವಿ, ಬಚ್ಚಲು. ಬಚ್ಚಲ ನೀರು ಹೋಗಕ್ಕೆ ಮನೆ ಮನೆಯಿಂದ ಚರಂಡಿ, ಅದು ಹೋಗಿ ಬೀದಿಯ ದೊಡ್ಡ ಚರಂಡಿ ಸೇರುತ್ತೆ. ಚರಂಡಿ ಮೇಲೆ ಕಲ್ಲು ಚಪ್ಪಡಿ. ಅಲ್ಲಲ್ಲಿ ಗುಂಡಿ, ಕಸ ನಿಲ್ಲಲಿ ಅಂತ. ಚಪ್ಪಡಿ ಎತ್ತಿ ಆಗಾಗ ಶುದ್ಧ ಮಾಡ್ತಾ ಇದ್ರು. ಆ ಕಾಲದಲ್ಲಿ ಪ್ರಪಂಚದಲ್ಲಿ ಇನ್ನೆಲ್ಲೂ ಅಂಥ ಚರಂಡಿ ಇರಲಿಲ್ಲ. ಹೇಳುತ್ತಾ ಹೇಳುತ್ತಾ ಅವಳ ದನಿ ಸರಿಹೋಯಿತು. ಒಂದೂ ಬಿಡಲಿಲ್ಲ. ಗೈಡಿನಲ್ಲಿ ಇದ್ದದ್ದೆಲ್ಲ ಹೇಳಿ, ಹೀಗೆ ಹರಪ್ಪಾ ಜನರ ನಗರ ಯೋಜನೆ ಶ್ರೇಷ್ಠವಾಗಿತ್ತು ಅಂತ ಪರೀಕ್ಷೆಯಲ್ಲಿ ಬರೆಯುವ ಹಾಗೇ ಮುಗಿಸಿದಳು.

ಅವ್ವ ಕೈಯಲ್ಲಿದ್ದ ಕಲ್ಲು ಆಡಿಸದೆ ಎಲ್ಲ ಕೇಳಿದಳು. ಗುಂಡಿ, ಚಪ್ಪಡಿ ಅನ್ನುವಾಗ ಅವಳಿಗೆ ಅದರ ಭಾರ ಗೊತ್ತಿದ್ದ ಹಾಗಿತ್ತು. ಕೇಳಿಯಾದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು.

"ಆ ಚಪ್ಪಡಿ ಎತ್ತಿ ಬಳೀತಿದ್ದೋರು ಯಾರಂತೆ?"

ಚೌಡಮ್ಮ ಬಾಯಿ ತೆರೆದಳು. ನೆನಪಿನಲ್ಲೇ ಗೈಡು ತಿರುವಿದಳು, ಮೇಡಂ ಕೊಟ್ಟ ನೋಟ್ಸು ತಿರುವಿದಳು, ಪಠ್ಯಪುಸ್ತಕ ತಿರುವಿದಳು.

"ಅದು ಬರ್ದಿಲ್ಲ ಕಣವ್ವ," ಅಂದಳು.